ಮಲ್ಕಪ್ಪನ ಪರೀಕ್ಷೆ

ಮಲ್ಕಪ್ಪ ಟವೆಲ್ಲಿನ ಗಂಟನ್ನು ಕಾಲುವೆ ದಂಡೆಯ ಮೇಲೆ ಬಿಚ್ಚಿಟ್ಟ. ಒಳಗೆ ಜಿಲೆಟಿನ್ ಕಡ್ಡಿಗಳು. ಕಾಲುವೆ ಕೆಲಸದಲ್ಲಿ ಬಂಡೆ ಸಿಡಿಸಲು ಮದ್ದು ಇಡುವವನೇ ಅವನು. ಕೆಲವು ಕಡ್ಡಿ ಎಗರಿಸುವುದು ಕಷ್ಟವಾಗಿರಲಿಲ್ಲ.

ಎದುರಿಗೆ ದೇವಿಂದ್ರಪ್ಪ ಸಲಿಕೆ ಊರಿಕೊಂಡು ನಿಂತಿದ್ದ. ಹಿಂದೊಮ್ಮೆ ಅಡವಿಯ ನಕ್ಸಲ್ ದಳ ಸೇರಿ, ಕಾಲುವೆ ಕಂತ್ರಾಟದಾರನ ಜೀಪಿಗೆ ಬಾಂಬಿಟ್ಟವನು. ಕಂತ್ರಾಟದಾರ ಜೀಪಿನಲ್ಲಿರಲೇ ಇಲ್ಲ. ಸತ್ತದ್ದು ಡ್ರೈವರ್ ಹುಲಗಪ್ಪ, ಮಲ್ಕಪ್ಪನ ಒಬ್ಬನೇ ಮಗ. ಈಗ ಈ ಮಹಾಶಯ ಸುಧಾರಿಸಿದ್ದಾನಂತೆ! ಜೈಲಿನವರು ಷರತ್ತಿನ ಮೇಲೆ ಬಿಟ್ಟಿದ್ದಾರೆ. ಶಹಾಪುರ ಠಾಣೆಯ ಫೌಜದಾರ ಭಗವಂತರಾಯ ಒಳ್ಳೆಯ ವರದಿ ಬರೆದರೆ ಕಾಯಂ ಬಿಡುಗಡೆ. ಅದನ್ನು ಕೇಳಿದಂದಿನಿಂದ ಮಲ್ಕಪ್ಪನಿಗೆ ರೊಟ್ಟಿ ರುಚಿಸಿರಲಿಲ್ಲ. ಇವನು ಈ ಗಂಟು ಮುಟ್ಟಿದರೆ ಸಾಕು, ಮತ್ತೆ ಒಳಗೆ. ಸಾಯುವತನಕ ಒಳಗೆ.

“ಮಗ ಹೋದಾಗ ಆ ಕಂತ್ರಾಟದಾರ ನಮ್ಮ ಮನಿ ತನಕ ಬರಲಿಲ್ಲೋ ದೇವಿಂದ್ರ. ನಿಮ್ಮ ಸಿಟ್ಟು ನನಗ ಈಗ ತಿಳೀತು. ಅವನ ಆಫೀಸ ಹಾರಸು.”

“ಒಳಗ ಕೆಲಸದ ಮಂದಿ ಇರ್ತಾರ, ಕಾಕಾ.”

“ಇರ್ಲಿ. ಜೀಪಿನಾಗ ನನ್ನ ಮಗ ಇರಲಿಲ್ಲೇನು?”

ದೇವಿಂದ್ರಪ್ಪ ಸಲಿಕೆ ಬದಿಗಿಟ್ಟ. ಆಮೇಲೆ ಗಂಟು ಕಟ್ಟಿ ಎತ್ತಿಕೊಂಡ.

“ಯಾರ ಮುಂದೂ ಬಾಯಿ ಬಿಡಬ್ಯಾಡ. ಎಲ್ಲಿ ಮುಟ್ಟಸಬೇಕೋ ಅಲ್ಲಿ ನಾ ಮುಟ್ಟಸ್ತೀನಿ.”

ಬಿದ್ದ! ಮಲ್ಕಪ್ಪನಿಗೆ ಕುಣಿಯಬೇಕೆನಿಸಿತು. ಮನೆಗೆ ಹೋಗಿ, ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ರೊಟ್ಟಿ ತಿಂದ. ತೊಳೆದ ಅಂಗಿ ತೊಟ್ಟು ಮಧ್ಯಾಹ್ನದ ಬಸ್ಸು ಹಿಡಿದ. ಫೌಜದಾರನಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ.

ಶಹಾಪುರ ಠಾಣೆಯ ಬೆಂಚಿನ ಮೇಲೆ ದೇವಿಂದ್ರಪ್ಪ ಕೂತಿದ್ದ. ಕೈಗೆ ಬೇಡಿಯಿರಲಿಲ್ಲ. ಟವೆಲ್ಲಿನ ಗಂಟು ಮೂಲೆಯ ಮರಳಿನ ಬಕೀಟಿನಲ್ಲಿತ್ತು.

ಮಲ್ಕಪ್ಪ ಬಾಗಿಲಲ್ಲೇ ಕೈ ಮುಗಿದ. “ಸಾಹೇಬ್ರ, ನಾ ಇವನ್ನ ಪರೀಕ್ಷಾ ಮಾಡೀನ್ರಿ…”

“ಪರೀಕ್ಷಾಕ್ಕ ಖರೇ ಮದ್ದು ಯಾಕ ಬೇಕಾಗಿತ್ತು?” ಭಗವಂತರಾಯ ಕೇಳಿದ. “ಇಂವ ಹೂಂ ಅಂದು ಹಚ್ಚಿಬಿಟ್ಟಿದ್ರ?”

ಹಚ್ಚಿದರೂ ಹಚ್ಚಲಿ ಎಂದು ಮಲ್ಕಪ್ಪನ ಮನಸ್ಸು ಹೇಳಿದ್ದು ಸುಳ್ಳಲ್ಲ.

ಕಾನ್‌ಸ್ಟೇಬಲ್ ಅವನ ತೋಳು ಹಿಡಿದ. ಭಗವಂತರಾಯ ದೇವಿಂದ್ರಪ್ಪನತ್ತ ತಿರುಗಿದ. “ಇದರಾಗ ಪಳಗಿದಾಂವ ನೀನ. ಹೇಳು, ಈ ಮುದುಕ ಸುಧಾರಿಸ್ತಾನೇನು?”

“ಕಾಕಾ ಸುಧಾರಿಸ್ತಾನ್ರಿ,” ದೇವಿಂದ್ರಪ್ಪ ತಣ್ಣಗೆ ಅಂದ. “ನನಗ ಹದಿನಾಲ್ಕು ವರ್ಷ ಹಿಡೀತು.”