ನವಿಲಾದ ಸಿಹಿಗುಂಬಳ

“ಈ ಕುಂಬಳಕಾಯಿಗೆ ಚಾಕು ಹಾಕೋರು ಯಾರಪ್ಪಾ?” ಎಂದು ವಾರಿಜಾ ಗಾಳಿಯನ್ನು ಕೇಳಿದಳು. ಅದನ್ನು ನವಿಲು ಮಾಡಿ, ಹೊಟ್ಟೆಗೆ ಕೋಸಂಬರಿ ತುಂಬಿ, ಸೌತೆ ಕ್ಯಾರೆಟ್ಟಿನ ಗರಿ ಚುಚ್ಚಿ ದೀಪಾವಳಿ ಔತಣದ ಮೇಜಿನ ನಡುವೆ ಕೂರಿಸಬೇಕಿತ್ತು.

“ಹೆಂಗಸರು ಇಡೀ ಕುಂಬಳಕಾಯಿ ಒಡೀಬಾರದು. ಅವನು ಬರಲಿ,” ಎಂದರು ಅತ್ತೆ, ಹೂ ಕಟ್ಟುತ್ತಲೇ.

“ಕರೆದೂ ಕರೆದೂ ಸಾಕಾಯ್ತು ಅತ್ತೆ. ನಿಮ್ಮ ಮಗ ಕ್ರಿಕೆಟ್ ಬಿಟ್ಟು ಏಳ್ತಿಲ್ಲ.”

“ಮನೆತನಕ್ಕೆ ಆಗಿಬರಲ್ಲಮ್ಮಾ.”

“ಸಂಜೆ ನೆಂಟರು ಬರೋದ್ರೊಳಗೆ ಕೆತ್ತಿ ಮುಗಿಸ್ಬೇಕು. ಆದದ್ದಾಗಲಿ,” ಎಂದು ಅವಳು ಚಾಕು ಇಳಿಸಿಯೇ ಬಿಟ್ಟಳು. ಅತ್ತೆ ಮುಖ ತಿರುಗಿಸಿಕೊಂಡರು.

ನವಿಲನ್ನು ಕಂಡು ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಗಂಡನ ದೊಡ್ಡಮ್ಮ ಮಾತ್ರ ತಟ್ಟೆ ಮುಂದೆ ಚಾಚಲಿಲ್ಲ.

“ಗಂಡಸು ಕಡಿದದ್ದು ತಾನೇ? ಇಲ್ಲದಿದ್ರೆ ನಾನಂತೂ ಮುಟ್ಟಲ್ಲ.”

“ಕಡಿದು ಕೆತ್ತಿದ್ದೆಲ್ಲ ನಾನೇ ದೊಡ್ಡಮ್ಮ!” ಎಂದು ಗಂಡ ಎದೆಯುಬ್ಬಿಸಿದ. “ಅಮ್ಮ ಅಲ್ಲೇ ಇದ್ದಳಲ್ಲ. ಹೌದು ಅಂತ ಹೇಳಮ್ಮಾ.”

ತನ್ನ ಇಡೀ ದಿನದ ಕೆಲಸ ಅವನ ಪಾಲಾಯಿತೆಂದು ವಾರಿಜಾ ತುಟಿ ಕಚ್ಚಿಕೊಂಡಳು. ಅತ್ತೆ ಎದ್ದು ಬಂದು, ನವಿಲಿನ ಒಂದು ಗರಿ ಕಿತ್ತು, ಎಲ್ಲರೆದುರು ಕರುಮ್ಮನೆ ಕಡಿದರು.

“ಹೇಳಲ್ಲ ಕಣೋ. ಮಾಡಿದವಳು ನನ್ನ ಸೊಸೆ.”