ದುಬೈಗೆ ಹೊರಟ ಜೆಲ್ಲಿ ಮಿಠಾಯಿ

ಹಸನಬ್ಬ ಎಸೆನ್ಸ್ ಬಾಟಲಿಯ ಮುಚ್ಚಳ ತೆಗೆದು ಮೂಸಿದರು.

"ಭಟ್ಟರೇ, ಇದರಲ್ಲಿ ಸ್ಪಿರಿಟ್ ಉಂಟು. ಆಗುವುದಿಲ್ಲ."

ರಘುಪತಿ ಭಟ್ಟರಿಗೆ ಬೆಳಗ್ಗಿನಿಂದಲೇ ಒಳಗೊಳಗೆ ಉರಿಯುತ್ತಿತ್ತು. ೧೯೮೩ರ ಬೇಸಿಗೆ. ಹಿರಿಯಡ್ಕದ ಅವರ ಕಾರ್ಖಾನೆಯ ಜೆಲ್ಲಿ ಮಿಠಾಯಿಗೆ ದುಬೈಯಿಂದ ಬೇಡಿಕೆ ಬಂದಿತ್ತು. ಮಳೆಗಾಲದಲ್ಲಿ ವ್ಯಾಪಾರ ಮಲಗುತ್ತದೆ. ಇದು ಕೈತಪ್ಪಿದರೆ ಕೆಲಸದ ಹೆಂಗಸರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ದುಬೈಯ ವ್ಯಾಪಾರಿಯದು ಒಂದೇ ಷರತ್ತು: ಮಾಲು ಹಲಾಲ್ ಎಂದು ಖಾತ್ರಿಯಾಗಬೇಕು. ಪರೀಕ್ಷಿಸಲು ಅವನು ನೇಮಿಸಿದ್ದು ಅಲ್ಲಿಯ ಆಹಾರ ಗೋದಾಮಿನಲ್ಲಿ ದುಡಿದು ಬಂದ ಕಾಪುವಿನ ಹಸನಬ್ಬರನ್ನು.

"ನಮ್ಮಲ್ಲಿ ಮೊಟ್ಟೆಯೂ ಹೊಸ್ತಿಲು ದಾಟುವುದಿಲ್ಲ," ಎಂದರು ಭಟ್ಟರು. "ಕೆಲಸದವರು ಬುತ್ತಿಗೆ ಮೀನು ತಂದರೆ ಹೊರಗೆ ಮಾವಿನ ಮರದ ಕೆಳಗೆ ಕೂತು ಉಣ್ಣಬೇಕು. ಇಲ್ಲಿ ನೀವು ಹುಡುಕುವುದು ಎಂತ?"

"ನೀವು ಹೇಳುವುದು ಸರಿ. ಆದರೂ ನೋಡಬೇಕಲ್ವಾ?"

ಎಸೆನ್ಸ್ ಬದಲು ಕಿತ್ತಳೆ ಎಣ್ಣೆ ಎಂದಾಯಿತು. ಬಣ್ಣಗಳು ಪಾಸಾದವು. ಕೊನೆಗೆ ಹಸನಬ್ಬ ಜೆಲ್ಲಿ ಹುಡಿಯ ಡಬ್ಬಿಯ ಮುಂದೆ ನಿಂತರು.

"ಇದು ಯಾವುದರಿಂದ ಮಾಡಿದ್ದು?"

"ಬೊಂಬಾಯಿಯ ಮಾಲು. ಸಮುದ್ರದ ಪಾಚಿಯಿಂದ ಮಾಡುವುದಂತೆ. ಬಿಸಿ ಪಾಕಕ್ಕೆ ಹಾಕಿ ಆರಿಸಿದರೆ ಗಟ್ಟಿಯಾಗುತ್ತದೆ."

ಹಸನಬ್ಬ ಹುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಮುಂದಿನ ವಾರ ನನಗೆ ಬೊಂಬಾಯಿಗೆ ಹೋಗುವುದುಂಟು. ಅವರಲ್ಲೇ ವಿಚಾರಿಸಿ ಬರುತ್ತೇನೆ."

ಮನೆಯಲ್ಲಿ ಭಟ್ಟರು ಚಿಕ್ಕಮ್ಮನೆದುರು ಹಾರಾಡಿದರು. ರಮಾಮಣಿಯಮ್ಮ ಕಟ್ಟುನಿಟ್ಟಿನ ಮಡಿಯ ಹೆಂಗಸು. ಪೇಟೆಯ ತಿಂಡಿ ಮುಟ್ಟಿದವರಲ್ಲ. ಮಗನಂಥವನು ಮಾಡಿದ್ದೆಂದು ಜೆಲ್ಲಿ ಮಿಠಾಯಿಗೆ ಮಾತ್ರ ವಿನಾಯಿತಿ.

"ನಮ್ಮ ಶುದ್ಧಕ್ಕೇ ಪರೀಕ್ಷೆಯಂತೆ, ಚಿಕ್ಕಮ್ಮ."

"ಮಾಡಲಿ ಬಿಡು. ಅವರ ಮಡಿ ನಮ್ಮದಕ್ಕಿಂತ ಗಟ್ಟಿ ಉಂಟಲ್ಲ ಮಾರಾಯ," ಎಂದು ಅವರು ನಕ್ಕರು.

ದಿನ ಕಳೆದಂತೆ ಭಟ್ಟರ ಸಿಟ್ಟು ಇಳಿದು ಹೆದರಿಕೆ ಏರಿತು. ಬೊಂಬಾಯಿಯವರು ಎಂತ ಹೇಳುತ್ತಾರೋ. ಈ ಮನುಷ್ಯ ಸಣ್ಣದೊಂದು ಕೊಂಕು ತೆಗೆದರೂ ಸಾಕು, ಎಲ್ಲ ಮುಗಿಯಿತು.

ಹಸನಬ್ಬ ಮರಳಿ ಬಂದವರು ನಗುತ್ತಲೇ ಬಂದರು.

"ಎಲ್ಲ ಸರಿ ಉಂಟು. ನಿಮ್ಮ ಮಿಠಾಯಿ ಹಲಾಲ್. ಸಂಶಯವೇ ಇಲ್ಲ."

ಭಟ್ಟರ ಎದೆ ಉಬ್ಬಿತು. ತಟ್ಟೆ ತುಂಬ ಮಿಠಾಯಿ ತರಿಸಿ ಮುಂದಿಟ್ಟರು. "ನಾನು ಅವತ್ತೇ ಹೇಳಲಿಲ್ವಾ? ಇದನ್ನು ದೇವರ ನೈವೇದ್ಯಕ್ಕೂ ಇಡಬಹುದು." ಹಾಗೆಂದು ಕೆಂಪನೆಯದೊಂದನ್ನು ಬಾಯಿಗೆ ಹಾಕಿಕೊಂಡರು.

ಹಸನಬ್ಬ ಕುರ್ಚಿಯನ್ನು ಹತ್ತಿರ ಎಳೆದು ದನಿ ತಗ್ಗಿಸಿದರು.

"ಹುಡಿ ಪಾಚಿಯದ್ದಲ್ಲ ಭಟ್ಟರೇ, ಮೂಳೆಯದ್ದು. ಕೊಯ್ದದ್ದು ನಮ್ಮ ಕ್ರಮದಲ್ಲೇ, ನಾನೇ ಕಣ್ಣಾರೆ ನೋಡಿ ಬಂದೆ. ದುಬೈಯವರು ಧಾರಾಳವಾಗಿ ತಿನ್ನಬಹುದು. ನೀವು ಮಾತ್ರ ಉಗುಳಿಬಿಡಿ."