ಗಾಜು ಒಡೆದವರು

ಎರಡನೆಯ ಸ್ಟೂಲು ಇನ್ನೂ ಅವನ ತಲೆಯ ಮೇಲೇ ಇತ್ತು. ಮೊದಲನೆಯದು ಬೀರುವಿನ ಗಾಜಿನೊಳಕ್ಕೆ ನುಗ್ಗಿ, ಕಾಲನ್ನು ಹೊರಗೆ ಚಾಚಿ ಬಿದ್ದಿತ್ತು.

"ಎಲ್ಲರೂ ಲೈಬ್ರರಿಗೆ," ಅಂದಳು ಅವಳು, ದನಿ ಏರಿಸದೆ. "ಹಿಂದಿನ ಬಾಗಿಲಿಂದ. ಗಾಜು ತುಳೀಬೇಡಿ. ಪಟಾಕಿ, ನೀವು ಮುಂದೆ ನಡೀರಿ."

"ಅಕ್ಕಾ, ನಾನು ಸುಮ್ನೆ ಕೇಳಿದ್ದು..."

"ಗೊತ್ತು. ಆಮೇಲೆ ಮಾತಾಡೋಣ. ಹೋಗಿ."

ಪಟಾಕಿ ಎಂದು ಹೆಸರಾಗಿದ್ದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಮ್ಮ ತೀರಿಕೊಂಡ್ರೆ ಎಷ್ಟು ದಿನ ರಜಾ?" ಕೇಳಬಾರದ ಮಾತು, ಕೇಳಬಾರದ ಹೊತ್ತು. ಸ್ಟೂಲು ಎತ್ತಿದವನ ಅಮ್ಮ ಮತ್ತೆ ಆಸ್ಪತ್ರೆ ಸೇರಿದ್ದರು. ರಾತ್ರಿಯಿಡೀ ಅಲ್ಲಿನ ಬೆಂಚಿನ ಮೇಲೆ ಕೂತಿದ್ದವನು ಮುಖಕ್ಕೆ ನೀರು ಚಿಮುಕಿಸಿಕೊಂಡು ನೆಟ್ಟಗೆ ಶಾಲೆಗೆ ಬಂದಿದ್ದ. ಮೈಮೇಲೆ ನಿನ್ನೆಯ ಅಂಗಿಯೇ. ಅದನ್ನು ಬೆಳಿಗ್ಗೆಯೇ ಗಮನಿಸಿದವಳು ಅವಳೊಬ್ಬಳು.

ಬೇರೆ ತರಗತಿಗಳಲ್ಲಿ ನಿಲ್ಲಲಾಗದ ಮಕ್ಕಳಿಗೆಂದು ಮಾಡಿದ ಕೋಣೆ ಅದು. ಹೊರಗಿನವರ ಬಾಯಲ್ಲಿ 'ಸಿಟ್ಟಿನ ಕೋಣೆ'. ಇಲ್ಲಿ ಅವಳಿಗಿದು ನಾಲ್ಕನೆಯ ವರ್ಷ. ಚೀರುವವರು, ಕಚ್ಚುವವರು, ಮೇಜಿನಡಿ ಸೇರಿಕೊಂಡು ಹೊರಗೇ ಬಾರದವರು, ಎಲ್ಲರನ್ನೂ ಕಂಡಿದ್ದಳು. ಅವಳ ಮುಂಗೈಯಲ್ಲೂ ಹಲ್ಲಿನ ಹಳೆಯ ಗುರುತಿತ್ತು. ಯಾರ ಹಲ್ಲೆಂದು ಕೇಳಿದರೆ ಮಾತು ಮರೆಸುತ್ತಿದ್ದಳು. ಆದರೆ ಇವನು ಹೀಗೆ ಸಿಡಿದದ್ದನ್ನು ಎಂದೂ ನೋಡಿರಲಿಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ತಣ್ಣಗಿರುತ್ತಿದ್ದವನು ಅವನೇ.

ಹೋದ ವಾರವಷ್ಟೇ ಹೆಡ್ಮೇಡಂ ಬಾಗಿಲಲ್ಲಿ ನಿಂತು ಎಲ್ಲರೆದುರು ಹೇಳಿದ್ದರು: "ಈ ಕೋಣೇಲಿ ಇನ್ನೊಂದು ಸಾಮಾನು ಮುರಿದ್ರೆ, ಮುರಿದವರು ಯಾರೇ ಆಗ್ಲಿ, ಅವತ್ತೇ ಗೇಟಿನಾಚೆ." ಬರೀ ಬೆದರಿಕೆಯಲ್ಲ. ಆ ಹೆಂಗಸು ಆಡಿದರೆ ಮಾಡುವವರೇ. ಸಿಟ್ಟಿನವರೆಂಬ ಹಣೆಪಟ್ಟಿ ಹೊತ್ತು ಹೊರಗೆ ಹೋದವರಿಗೆ ಇನ್ನೊಂದು ಶಾಲೆಯ ಬಾಗಿಲು ತೆರೆಯುವುದೂ ಇಲ್ಲ.

ಅವನು ಹೋಗಬಾರದು. ಅವನಿಲ್ಲದ ಆ ಕೋಣೆಯನ್ನು ಊಹಿಸಿಕೊಳ್ಳಲೂ ಅವಳಿಂದಾಗದು. ಆದರೆ ಮೊದಲು ಸ್ಟೂಲು ಕೆಳಗಿಳಿಯಬೇಕು. ಅವನೆದುರಿಗೇ ಕಿಟಕಿ, ಕಿಟಕಿಯಾಚೆ ಪುಟ್ಟ ಮಕ್ಕಳು ಚೆಂಡಾಡುತ್ತಿದ್ದರು.

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ದಾರಿ ಕಟ್ಟಿದರೆ ಬೆಕ್ಕೂ ಹುಲಿಯಾಗುತ್ತದೆ. ಆಮೇಲೆ ನೆಲದ ಮೇಲೆ ಕೂತಳು, ಅವನಿಗಿಂತ ಕೆಳಗೆ, ಕೈಗಳೆರಡೂ ಕಾಣುವ ಹಾಗೆ. 'ಯಾಕೆ' ಎಂದು ಕೇಳಲಿಲ್ಲ. ಹಾಲು ಉಕ್ಕುವಾಗ ಒಲೆ ಆರಿಸಬೇಕೇ ಹೊರತು ಹಾಲನ್ನು ವಿಚಾರಣೆ ಮಾಡಬಾರದು. ಇದನ್ನೆಲ್ಲ ಅವಳು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಇದೇ ನೆಲದ ಮೇಲೆ ಕಲಿತದ್ದು.

"ನಾನು ಇಲ್ಲೇ ಇದ್ದೀನಿ," ಅಂದಳು.

"ಹೋಗಿ. ನೀವೂ ಹೋಗಿ!"

ಸಿಟ್ಟಿನಲ್ಲೂ 'ನೀವು'. ಆ ಕೋಣೆಯಲ್ಲಿ ಏಕವಚನಕ್ಕೆ ಜಾಗವಿರಲಿಲ್ಲ. ಹೊರಗೆಲ್ಲ 'ಲೇ', 'ಏಯ್' ಅನ್ನಿಸಿಕೊಂಡು ಬಂದವರಿಗೆ ಇಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ 'ನೀವು'. ಆ ಮಾತು ಕಿವಿಗೆ ಬಿದ್ದೊಡನೆ ಅವಳಿಗೆ ಧೈರ್ಯ ಬಂತು. ಪೂರ್ತಿ ಕೈ ತಪ್ಪಿಲ್ಲ.

"ಹೋಗಲ್ಲ. ಸ್ಟೂಲು ಭಾರ ಇದೆ. ಇಲ್ಲಿ ಇಡ್ತೀರೋ, ಗೋಡೆ ಹತ್ರ ಇಡ್ತೀರೋ?"

ಅವಳು ಕಾದಳು. ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು. ಬೆನ್ನಿನಲ್ಲಿ ಬೆವರಿಳಿಯುತ್ತಿತ್ತು. ಮುಖ ಮಾತ್ರ ನಿಂತ ನೀರು. ಅವನು ಅವಳಿಗಿಂತ ಎತ್ತರ, ಅವಳಿಗಿಂತ ಬಲ. ಸ್ಟೂಲು ಈ ಕಡೆ ಬಂದರೆ ತಪ್ಪಿಸಿಕೊಳ್ಳಲು ಎಡೆಯಿರಲಿಲ್ಲ.

ಚೆಂಡೊಂದು ಕಿಟಕಿಯ ಕೆಳಗಿನ ಗೋಡೆಗೆ ಬಡಿಯಿತು. ಅವನು ಬೆಚ್ಚಿದ. ಸ್ಟೂಲು ಇನ್ನಷ್ಟು ಮೇಲೇರಿತು.

"ಇಲ್ಲೋ, ಗೋಡೆ ಹತ್ರವೋ?" ಅಂದಳು ಮತ್ತೆ, ಮೊದಲಿಗಿಂತ ಮೆಲ್ಲಗೆ.

ಅವನ ಬಾಯಿ ಸೊಟ್ಟಗಾಯಿತು. ಅಳುವೋ ನಗುವೋ ಹೇಳುವಂತಿರಲಿಲ್ಲ.

"ಈ ಆಟ ನನ್ನ ಹತ್ರಾನೇನಾ?"

"ಆಟ ಗೊತ್ತಿದ್ರೆ ಬೇಗ ಆಡಿ ಮುಗಿಸಿ. ನನ್ನ ಕಾಲು ಜೋಮು ಹಿಡೀತಿದೆ."

ಸ್ಟೂಲು ಗೋಡೆಯ ಪಕ್ಕಕ್ಕೆ ಇಳಿಯಿತು. ಅದರ ಹಿಂದೆಯೇ ಅವನೂ ಕುಸಿದು, ಮಂಡಿಯೊಳಗೆ ಮುಖ ಹುದುಗಿಸಿದ. ಅವಳು ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ. ನೀರಿನ ಬಾಟಲಿಯನ್ನು ಅವನ ಕೈಗೆ ಎಟಕುವಷ್ಟು ದೂರಕ್ಕೆ ಉರುಳಿಸಿದಳು.

"ಅಮ್ಮ ನನ್ನ ಗುರುತು ಹಿಡೀಲಿಲ್ಲ," ಅಂದ ಅವನು, ಮಂಡಿಯೊಳಗಿಂದಲೇ. "'ಯಾರಪ್ಪಾ ನೀನು' ಅಂತ ಕೇಳಿದ್ರು."

ಅವಳು ಕೈಗೆ ಸಿಕ್ಕ ಗಾಜಿನ ಚೂರುಗಳನ್ನು ಒಂದೊಂದಾಗಿ ಆಚೆ ಸರಿಸತೊಡಗಿದಳು.

ಅಷ್ಟರಲ್ಲಿ ಮೊಗಸಾಲೆಯಲ್ಲಿ ಚಪ್ಪಲಿಯ ಟಪಟಪ. ಇಡೀ ಶಾಲೆಗೆ ಗೊತ್ತಿದ್ದ ನಡಿಗೆ. ಅವನು ಕಣ್ಣೊರೆಸಿಕೊಂಡು ಎದ್ದ. ಅವಳೂ ಎದ್ದಳು. ಬೀರುವಿನ ಗಾಜನ್ನು ಮುಚ್ಚಿಡಲು ಹೊತ್ತೂ ಇರಲಿಲ್ಲ, ಉಪಾಯವೂ ಇರಲಿಲ್ಲ.

ಬಾಗಿಲು ತಳ್ಳಿ ಬಂದ ಹೆಡ್ಮೇಡಂ ಮೊದಲು ನೋಡಿದ್ದು ಬೀರುವನ್ನು. ಆಮೇಲೆ ನೆಲದ ಚೂರುಗಳನ್ನು. ಆಮೇಲೆ ಇವರಿಬ್ಬರನ್ನು.

"ಯಾರ ಕೆಲಸ ಇದು?"

ಅವನು ಬಾಯಿ ತೆರೆಯುವ ಮೊದಲೇ ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ನನ್ನದು, ಮೇಡಂ. ನಾನೇ ಒಡೆದದ್ದು."

ಹೆಡ್ಮೇಡಂಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಅಂದ್ಕೊಂಡೆ," ಅಂದರು. "ಹೋದ ವಾರ ಹೇಳಿದ್ದು ನೆನಪಿದೆ ತಾನೆ?"

"ಇದೆ, ಮೇಡಂ."

"ಈ ಮಗು ಸುಳ್ಳು ಹೇಳ್ತಿದೆ, ಮೇಡಂ," ಅಂದರು ನಿನ್ನೆಯ ಅಂಗಿಯ ಮೇಷ್ಟ್ರು, ಅವಳ ಹಿಂದಿನಿಂದ. "ಒಡೆದದ್ದು ನಾನು. ಇವರನ್ನ ಕ್ಲಾಸಲ್ಲೇ ಇರೋಕೆ ಬಿಡಿ. ಗೇಟಿನಾಚೆ ನಾನು ಹೋಗ್ತೀನಿ."